ಹೊಂಗರಿ ಸ್ಟುಡಿಯೋದ ಅಟ್ಟ

ಕಾಯನ್ನು ಕಿವಿಗೆ ಹಿಡಿದು ಕುಲುಕಿದೆ. ಒಳಗೆ ಒಣಗಿದ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಲೊಟ ಎಂದಿತು. ಪಕ್ಕದ ಕಾಯಿ, ಅದರ ಪಕ್ಕದ ಕಾಯಿ, ಎಲ್ಲದರಲ್ಲೂ ಅದೇ ಸದ್ದು.

"ಇಳೀರಿ ಮೇಡಂ, ಮೊದ್ಲು ಇಳೀರಿ!" ಕೆಳಗೆ ನಿಂತು ಬಸವಕುಮಾರ್ ಕೂಗಾಡುತ್ತಿದ್ದ. "ಪೂಜೆ ಆಗ್ದೆ ಯಾರೂ ಅಟ್ಟದ ಕಾಯಿ ಮುಟ್ಟಂಗಿಲ್ಲ. ನಮ್ ತಾತನ ಕಾಲದಿಂದ ಬಂದಿರೋ ಪದ್ಧತಿ."

"ನಿಮ್ ತಾತನ ಕಾಲ್ದಲ್ಲಿ ಇಲ್ಲಿ ಅಟ್ಟ ಎಲ್ಲಿತ್ರೀ? ಸಿನಿಮಾ ತೆಗೀತಿದ್ರು."

ಹೊಂಗರಿ ಸ್ಟುಡಿಯೋದ ಈ ಮೊಮ್ಮಗನಿಗೆ ತಾತನ ಆಸ್ತಿ ನೆನಪಿರುವಷ್ಟು ತಾತನ ಕಸುಬು ನೆನಪಿಲ್ಲ.

ಸೋಮವಾರ ಇದೇ ಅಟ್ಟದ ಕೆಳಗೆ, ಸ್ಟುಡಿಯೋದ ಹಳೆಯ ಲ್ಯಾಬ್ ಕೆಲಸಗಾರ ಸಣ್ಣತಿಮ್ಮಯ್ಯ ತಲೆ ಒಡೆದು ಸತ್ತು ಬಿದ್ದಿದ್ದ. ಅವನು ಜೀವಮಾನವಿಡೀ ಕಾಯ್ದಿದ್ದ, ಎಂದೂ ಬಿಡುಗಡೆಯಾಗದ 'ಕಣಗಿಲೆ ಕೊಪ್ಪಲು' ಚಿತ್ರದ ನೆಗೆಟಿವ್ ಡಬ್ಬಗಳು ಮಾಯವಾಗಿದ್ದವು. ಎರಡಕ್ಕೂ ಸೇರಿಸಿ ಪೊಲೀಸರು ಅಟ್ಟದ ಆಳು ರಂಗರಾಜುವನ್ನು ಹಿಡಿದಿದ್ದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮ ಪೊಲೀಸರು. ಹೀಗೆನ್ನಲು ನನಗೆ ಹಕ್ಕಿದೆ. ನಾನು, ಗಿರಿಜಾಂಬಿಕಾ, ಅದೇ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದವಳು. ಸಾಕಪ್ಪಾ ಸಾಕು ಅನ್ನಿಸಿ ಹೊರಗೆ ಬಂದು, ಈಗ ತಿಪಟೂರಿನ ಒಂದು ಬೇಕರಿಯ ಮಹಡಿ ಮೇಲೆ ಪತ್ತೇದಾರಿ ಕಚೇರಿ ನಡೆಸುತ್ತೇನೆ. ಬರುವ ಕೇಸುಗಳಲ್ಲಿ ಮುಕ್ಕಾಲು ಪಾಲು ಗಂಡಿನ ಪೂರ್ವಾಪರ ವಿಚಾರಿಸುವುದು. ಕೊಲೆ ಅಪರೂಪ.

ಆ ದಿನ ಬೆಳಿಗ್ಗೆ ರಂಗರಾಜುವಿನ ಹೆಂಡತಿ ರಾಮಕ್ಕ ಬಂದು ನನ್ನ ಬಾಗಿಲಲ್ಲಿ ಕೂತಳು. ಸೋಮವಾರ ಬೆಳಕು ಹರಿಯುವ ಮುಂಚೆಯೇ ರೊಟ್ಟಿ ಕಟ್ಟಿಕೊಟ್ಟು ಗಂಡನನ್ನು ಹುಳಿಯಾರಿಗೆ ಕಳಿಸಿದ್ದೆ, ಅವನು ವಾಪಸ್ ಬರುವಷ್ಟರಲ್ಲಿ ಹೆಣ ಆಸ್ಪತ್ರೆಗೆ ಹೋಗಿತ್ತು ಎಂದು ಆಣೆ ಮಾಡಿ ಹೇಳಿದಳು. ಬಸ್ಸಿನಲ್ಲಿ ಅವನನ್ನು ಕಂಡವರು ಯಾರೂ ಸಿಕ್ಕಿರಲಿಲ್ಲ. ಹಿಂದಿನ ದಿನ ಅವನು ಮುದುಕನ ಜೊತೆ ಜಗಳವಾಡಿದ್ದನ್ನು ಮಾತ್ರ ಬಸವಕುಮಾರ್ ಕಿವಿಯಾರೆ ಕೇಳಿದ್ದ.

"ಜಗಳ ಯಾಕಂತೆ?" ಎಂದು ಕೇಳಿದ್ದೆ.

"ಅಟ್ಟ ಕದಲ್ಸಿದ್ನಂತೆ ಕಣಕ್ಕ ಆ ಮುದುಕ. ಅದ್ಕೇ ಕೇಳ್ದೆ ಅಂತಾನೆ. ಪೊಲೀಸ್ನೋರು ನಗ್ತಾರೆ. ಅಟ್ಟ ನೋಡಿ, ಅಟ್ಟ ನೋಡಿ ಅಂತ ಒಂದೇ ಸಮ ಬಡ್ಕಂತಾವ್ನೆ ನನ್ ಗಂಡ. ಯಾರೂ ನೋಡಾಕಿಲ್ಲ."

ನಾನು ನಗಲಿಲ್ಲ. ಅಟ್ಟದ ಕಾಯಿ ಕದಲಿಸಿದ್ದಕ್ಕೆ ಅಣ್ಣ ತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟಿರುವುದನ್ನು ಈ ಸೀಮೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಪೊಲೀಸರು ಸ್ಟುಡಿಯೋದ ಪಾಳು ಮೇಕಪ್ ರೂಮು, ಬಾವಿ, ತಿಪ್ಪೆ ಒಂದನ್ನೂ ಬಿಡದೆ ಹುಡುಕಿದ್ದರು. ಅಟ್ಟವನ್ನು ಮಾತ್ರ ಮುಟ್ಟಿರಲಿಲ್ಲ. ಯಾಕೆಂದರೆ ಬಂದ ಪೇದೆಗಳೆಲ್ಲ ತುರುವೇಕೆರೆ, ಮಾಯಸಂದ್ರ, ಅಮ್ಮಸಂದ್ರದ ಕಡೆಯವರು, ತೆಂಗಿನ ತೋಟದ ಮನೆಯ ಮಕ್ಕಳು. ಅಟ್ಟಕ್ಕೆ ಹಾಕಿದ ಕಾಯನ್ನು ಅದು ಒಣಗಿ ಕೊಬ್ಬರಿಯಾಗುವವರೆಗೆ ಒಂದು ವರ್ಷದ ಹತ್ತಿರ ಕದಲಿಸಬಾರದು, ಕದಲಿಸಿದರೆ ಕೆಡುತ್ತದೆ ಎನ್ನುವುದನ್ನು ಹಾಲಿನ ಜೊತೆ ಕುಡಿದವರು. ಬೇರೆ ಸೀಮೆಯ ಪೊಲೀಸರಾಗಿದ್ದರೆ ಮೊದಲು ಕೆದಕುತ್ತಿದ್ದುದೇ ಇದನ್ನು.

ಮಂಡಿಯೂರಿ ಕಾಯಿಗಳ ಮೇಲೆ ಹಿಂದಿನ ಗೋಡೆಯ ಕಡೆಗೆ ತೆವಳಿದೆ. ತಲೆಯ ಮೇಲೆ ಹಳೆಯ ಕಾಲದ ದೊಡ್ಡ ದೀಪಗಳನ್ನು ತೂಗುಹಾಕುತ್ತಿದ್ದ ತೊಲೆಗಳು ಹಾಗೇ ಇದ್ದವು. ಮೂಲೆಯಲ್ಲಿ ಒಂದು ಕಾಯಿ ಎತ್ತಿ ಕುಲುಕಿದೆ.

ನೀರಿನ ಸದ್ದು.

ಇನ್ನೊಂದು. ಅದರಲ್ಲೂ ನೀರು. ಸುತ್ತ ಒಂದು ಮಂಚದಷ್ಟು ಜಾಗದಲ್ಲಿದ್ದ ಕಾಯಿಗಳಲ್ಲೆಲ್ಲ ನೀರು ತುಂಬಿತ್ತು. ಹೋದ ವರ್ಷ ಹಾಕಿದ ಅಟ್ಟದಲ್ಲಿ ಈ ತಿಂಗಳು ಕಿತ್ತ ಕಾಯಿ! ಯಾರೋ ಇಲ್ಲಿಂದ ಏನನ್ನೋ ತೆಗೆದಿದ್ದಾರೆ, ಬಿದ್ದ ಗುಂಡಿ ಕಾಣದಿರಲಿ ಎಂದು ಕೈಗೆ ಸಿಕ್ಕ ಹೊಸ ಕಾಯಿ ತುಂಬಿದ್ದಾರೆ. ಕಣ್ಣಿಗೆ ಎಲ್ಲವೂ ಒಂದೇ ಬಣ್ಣ. ಕಿವಿಗೆ ಅಲ್ಲ.

ಅಲ್ಲೇ ಬಗ್ಗಿ ಮೂಸಿದೆ. ಒಣಕೊಬ್ಬರಿಯ ಎಣ್ಣೆ ವಾಸನೆಯ ಜೊತೆ ಇನ್ನೊಂದು ಹುಳಿ ವಾಸನೆ ಬೆರೆತಿತ್ತು. ಹುಣಸೆಯದಲ್ಲ, ಮಜ್ಜಿಗೆಯದಲ್ಲ. ಗೋಬಿ ಮಂಚೂರಿ ಗಾಡಿಯ ಹತ್ತಿರ ಬರುತ್ತದಲ್ಲ, ಆ ವಿನೆಗರ್ ವಾಸನೆ. ಅದು ಇಲ್ಲಿಗೆ ಹೇಗೆ ಬಂತೋ ಆಗ ತಿಳಿಯಲಿಲ್ಲ.

ಕಾಯಿಯ ತೊಟ್ಟಿನ ಬಳಿ ಬೊಟ್ಟಿಟ್ಟಂತೆ ಕೆಂಪು ಗುರುತು ಕಂಡಿತು. ಪಕ್ಕದ ತೋಟದ ಕಾಯಿ ಬೆರೆಯದಿರಲಿ ಎಂದು ಗುರುತು ಹಾಕುವುದು ಇಲ್ಲಿ ಸಾಮಾನ್ಯ. ಕೆಲವರು ಸುಣ್ಣ, ಕೆಲವರು ಟಾರು ಬಳಿಯುತ್ತಾರೆ. ಇದು ಎರಡೂ ಅಲ್ಲ. ಕೆರೆದರೆ ಹೊಳೆಯುವ ಚಕ್ಕೆಯಾಗಿ ಎದ್ದು ಬಂತು. ಉಗುರುಬಣ್ಣ!

ಕಾಯಿ ಹಿಡಿದು ಏಣಿ ಇಳಿದೆ. ಕೆಳಗೆ ಬಸವಕುಮಾರನ ಜೊತೆ ಸಬ್ ಇನ್ಸ್‌ಪೆಕ್ಟರ್ ಉಜ್ವಲ್ ನಿಂತಿದ್ದ. ಒಂದು ಕಾಲದಲ್ಲಿ ನನ್ನ ಕೈಕೆಳಗೆ ತರಬೇತಿ ಪಡೆದವನು, ಕೆಟ್ಟವನಲ್ಲ, ಅವಸರದವನು.

"ಏನಾದ್ರೂ ಸಿಕ್ತಾ ಮೇಡಂ? ನೋಡಿ, ಮಧ್ಯಾಹ್ನ ರಂಗರಾಜುನ ಅರೆಸ್ಟ್ ತೋರ್ಸಿ ಕೋರ್ಟಿಗೆ ಹಾಜರುಪಡಿಸ್ತೀನಿ. ಆಮೇಲೆ ನನ್ ಕೈಲಿ ಏನೂ ಇರಲ್ಲ."

"ಅಲ್ಲಿವರ್ಗೂ ನಿನ್ ಕೈ ಕಟ್ಕೊಂಡು ನಿಂತಿರು," ಎಂದೆ.

"ಅಟ್ಟದಲ್ಲಿ ಏನಿರುತ್ತೆ ಮೇಡಂ, ಮಣ್ಣು!" ಎಂದ ಬಸವಕುಮಾರ್. "ನಾನೇನ್ ಬಚ್ಚಿಟ್ಟಿದೀನಾ? ಮುಂಬೈ ಕಂಪನಿಯೋರು ಆ ನೆಗೆಟಿವ್ ಕೊಳ್ಳೋಕೆ ನಾಳೆ ಬರ್ತಿದಾರೆ. ನಷ್ಟ ಆಗಿರೋದು ನಂಗೆ."

"ನೀವು ಬಚ್ಚಿಟ್ರಿ ಅಂತ ನಾನೆಲ್ಲಂದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಿರಾಕಿ. ನಿಜ ಹೇಳುತ್ತೇನೆ, ಕೊಲೆಗಾರ ಇವನೇ ಆಗಿರಲಿ ಎಂದು ಬೆಳಿಗ್ಗೆಯಿಂದ ನನಗೆ ಆಸೆ ಇತ್ತು. ಆ ಬಿಳಿ ಶೂ, ಆ ಕೂದಲಿನ ಬಣ್ಣ, ಯಾವುದೂ ನನಗೆ ಹಿಡಿಸಿರಲಿಲ್ಲ.

ಅಂಗಳದಲ್ಲಿ ಜೀಪು ನಿಂತಿತ್ತು. ಒಳಗೆ ಮಹಿಳಾ ಪೇದೆಯ ಎದುರು ರಂಗರಾಜು ತಲೆ ತಗ್ಗಿಸಿ ಕೂತಿದ್ದ. ಐವತ್ತು ದಾಟಿದ ಗಟ್ಟಿ ಆಳು, ಎರಡು ದಿನದಲ್ಲಿ ಸೊರಗಿದ್ದ. ಅವನ ಹತ್ತಿರ ಹೋಗಲು ಬಿಡದ ಕಾರಣ ರಾಮಕ್ಕ ದೂರದ ಕಟ್ಟೆಯ ಮೇಲಿದ್ದಳು. ಅವಳಿಗೆ ಕಾಯಿ ತೋರಿಸಿದೆ.

"ಅಯ್ಯೋ, ಇದು ಭೂತಮ್ಮನ್ ಕಾಯಿ ಕಣಕ್ಕ. ಆ ಗೋಡೆ ಆಚೆ ತೋಟ. ಸಿನಿಮಾದಾಗೆ ಆಕ್ಟ್ ಮಾಡ್ತಿದ್ಲಲ್ಲ, ಆಯಮ್ಮ. ನಮ್ಮೆಜಮಾನ್ರಿಗೆ ದೀಪಾವಳಿ ಬಂದ್ರೆ ಪಂಚೆ ಕೊಡೋಳು, ಯಾಕೋ ಪಾಪ. ಅಕ್ಕ, ಮಧ್ಯಾನಕ್ಕೆ ಕರ್ಕಂಡೋದ್ರೆ ಬುಡಾಕಿಲ್ಲ ಅಂತಾರಲ್ಲ, ದಿಟವಾ?"

"ಮಧ್ಯಾಹ್ನ ಇನ್ನೂ ಆಗಿಲ್ಲ," ಎಂದು ಗೋಡೆಯ ಕಡೆ ನಡೆದೆ.

ಆ ಗೋಡೆಯ ಉದ್ದಕ್ಕೂ ಹೆಂಚು ಬಿದ್ದ ಮನೆಗಳ ಸಾಲಿದೆ. ಬಸವಕುಮಾರನ ತಾತ ಕಾಡಸಿದ್ದಪ್ಪ ಕೊಬ್ಬರಿ ವರ್ತಕ. ಸ್ಟುಡಿಯೋವನ್ನೂ ಮಂಡಿಯ ಹಾಗೆಯೇ ನಡೆಸಿದ. ನಟ ನಟಿಯರಿಗೆ, ಕ್ಯಾಮೆರಾದವನಿಗೆ, ಹಾಡು ಬರೆಯುವವನಿಗೆ, ಮೀಸೆ ಅಂಟಿಸುವವನಿಗೆ ತಿಂಗಳ ಸಂಬಳ. ಎಲ್ಲರಿಗೂ ಈ ಸಾಲಿನಲ್ಲೇ ಮನೆ, ಒಂದೇ ಅಡುಗೆಮನೆಯ ಊಟ. ಹೊರಗಿನ ಚಿತ್ರದಲ್ಲಿ ಮುಖ ತೋರಿಸಿದರೆ ಗಂಟುಮೂಟೆ ಬೀದಿಗೆ.

ಸುತ್ತಮುತ್ತಲ ಟೆಂಟ್ ಟಾಕೀಸುಗಳೆಲ್ಲ ಅವನ ಹಿಡಿತದಲ್ಲಿದ್ದವು. ಒಂದು ಒಳ್ಳೆಯ ಚಿತ್ರ ಬೇಕೆಂದರೆ ಟೆಂಟಿನವನು ಮೂರು ದರಿದ್ರ ಚಿತ್ರಗಳನ್ನೂ ಹೊತ್ತುಕೊಂಡು ಹೋಗಬೇಕಿತ್ತು. ಒಳ್ಳೆಯ ಕೊಬ್ಬರಿ ಚೀಲದಲ್ಲಿ ಕೌಟು ಕೊಬ್ಬರಿ ಬೆರೆಸಿ ಕೊಟ್ಟಂತೆ. ಜನ ಆಗ ಅದನ್ನೂ ನೋಡಿದರು, ಇದನ್ನೂ ನೋಡಿದರು. ಚಿಕ್ಕನಾಯಕನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದು ಶೂಟಿಂಗ್ ನೋಡುತ್ತಿದ್ದರಂತೆ.

ಆಮೇಲೆ ಹೀರೋ ಬಿಟ್ಟು ಹೋದ, ಅವನ ಹಿಂದೆ ಕ್ಯಾಮೆರಾದವನು ಹೋದ. ಟೆಂಟಿನವರು ದರಿದ್ರ ಚಿತ್ರ ಬೇಡವೆಂದು ತಿರುಗಿ ಬಿದ್ದರು. ಬಣ್ಣದ ಚಿತ್ರ ಬಂತು, ನಿರ್ಮಾಪಕರು ನಿಜವಾದ ಬೆಟ್ಟ ನಿಜವಾದ ಹೊಳೆ ಹುಡುಕಿಕೊಂಡು ಹೋದರು, ಕಾಡಸಿದ್ದಪ್ಪನ ಬಟ್ಟೆಯ ಬೆಟ್ಟ ಯಾರಿಗೂ ಬೇಕಾಗಲಿಲ್ಲ. ಟಿ.ವಿ. ಬರುವ ಹೊತ್ತಿಗೆ ಶೂಟಿಂಗ್ ಫ್ಲೋರಿನಲ್ಲಿ ತೆಂಗಿನಕಾಯಿ ಒಣಗುತ್ತಿತ್ತು. ಎಲ್ಲರೂ ಚದುರಿದರು. ಉಳಿದವರು ಇಬ್ಬರೇ, ಗೋಡೆಯ ಈಚೆ ಸಣ್ಣತಿಮ್ಮಯ್ಯ, ಆಚೆ ಭೂತಮ್ಮ.

ಭೂತಮ್ಮ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಕಸಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಎಪ್ಪತ್ತು ದಾಟಿದ ಮುಖ. ಆದರೂ ನನ್ನನ್ನು ಕಂಡು ತಲೆ ಎತ್ತಿದ ರೀತಿಯಲ್ಲೇ, ಒಂದು ಕಾಲದಲ್ಲಿ ಈಕೆ ತಲೆ ಎತ್ತುವುದನ್ನು ನೋಡಲು ಜನ ಟಿಕೆಟ್ ಕೊಂಡಿದ್ದರು ಎಂದು ಗೊತ್ತಾಗುತ್ತಿತ್ತು.

"ಕಾಯಿಗೆ ಉಗುರುಬಣ್ಣ ಹಚ್ಚೋದು ಯಾಕಮ್ಮ?" ಎಂದೆ, ಪಕ್ಕದಲ್ಲಿ ಕೂರುತ್ತಾ.

"ಸುಣ್ಣ ಮಳೇಲಿ ತೊಳ್ದೋಯ್ತದೆ ಕಣಮ್ಮ. ಇದು ನಿಂತ್ಕತದೆ. ನೀನ್ಯಾರು?"

ಹೇಳಿದೆ. ಕೈಲಿದ್ದ ಕಾಯನ್ನು ಆಕೆಯ ಮುಂದಿಟ್ಟೆ.

"ಇದು ಬಸವಕುಮಾರನ ಅಟ್ಟದ ಮೂಲೇಲಿ ಸಿಕ್ತು. ಇದರ ಅಣ್ಣತಮ್ಮಂದಿರು ಇನ್ನೂ ಅಲ್ಲೇ ಇದಾರೆ. ನಿಮ್ ಕಾಯಿ ತಾನಾಗಿ ಏಣಿ ಹತ್ತಲ್ಲ."

ಕುಡುಗೋಲು ನಿಂತಿತು. ಒಳಗಿನಿಂದ ಗಾಳಿ ಬಂತು, ಅದರ ಜೊತೆ ಅದೇ ವಿನೆಗರ್ ವಾಸನೆ.

"ಒಳಗೇನಿದೆ?"

"ಉಪ್ಪಿನ್ಕಾಯಿ."

"ಭೂತಮ್ಮ, ಪಕ್ಕದ ಅಂಗಳದಲ್ಲಿ ಒಬ್ಬ ಮನುಷ್ಯ ಜೀಪಲ್ಲಿ ಕೂತಿದಾನೆ. ಮಧ್ಯಾಹ್ನ ಕೊಲೆಗಾರ ಅಂತ ಕೋರ್ಟಿಗೆ ಹೋಗ್ತಾನೆ. ಅವನ ಮೇಲಿರೋ ಮೊದಲನೇ ಆರೋಪ, ಆ ಡಬ್ಬ ಕದ್ದ ಅನ್ನೋದು. ನೀವಿಲ್ಲಿ ಡಬ್ಬ ಇಟ್ಕೊಂಡು ಕಡ್ಡಿ ಸೀಳ್ತಿದೀರ."

"ಕೋರ್ಟಿಗಾ?" ಆಕೆಯ ಕೈಯಿಂದ ಗರಿ ಜಾರಿತು. "ನಾಕ್ ಮಾತು ಕೇಳಿ ಬುಟ್ಬುಡ್ತಾರೆ ಅಂದ್ರಲ್ಲ?"

"ಯಾರಂದ್ರು?"

ಆಕೆ ಮಂಡಿ ಹಿಡಿದುಕೊಂಡು ಎದ್ದು, "ಒಳೀಕೆ ಬಾ," ಎಂದಳು.

ನಡುಮನೆಯ ಕತ್ತಲಲ್ಲಿ ರಾಗಿ ತುಂಬುವ ಹಳೆಯ ಮಣ್ಣಿನ ವಾಡೆ ಇತ್ತು. ಮುಚ್ಚಳ ಸರಿಸಿದಳು. ಒಂದರ ಮೇಲೊಂದು ತಗಡಿನ ಚಪ್ಪಟೆ ಡಬ್ಬಗಳು, ಅಂಚಿಗೆಲ್ಲ ತುಕ್ಕು. ಹುಳಿ ವಾಸನೆ ಮೂಗಿಗೆ ಹೊಡೆಯಿತು.

"ಹಳೇ ಫಿಲಮ್ಮು ಶೆಕೆಗೆ ಇಂಗೇ ಹುಳಿಯಾಗೋದು. ಹೋದ್ ವರ್ಸ ಅಟ್ಟ ತುಂಬೋವಾಗ ತಿಮ್ಮಯ್ಯ ಡಬ್ಬಾನೆಲ್ಲ ಅಡೀಗೆ ಸೇರ್ಸಿ ಕಾಯಿ ಮುಚ್ಚಿದ್ದ, ಆ ಮೊಮ್ಮಗನ ಕಣ್ಣಿಗೆ ಬೀಳ್ದಿರ್ಲಿ ಅಂತ. ಈ ಬ್ಯಾಸ್ಗೇಲಿ ವಾಸ್ನೆ ಎದ್ದಿತು. ನಿನ್ ವಾಡೆ ತಂಪೈತೆ, ಇಟ್ಕೋ ಅಂದ. ದಿನಾ ವಸಿ ವಸಿ ಗಂಟು ಕಟ್ಟಿ ತಂದ್ವಿ, ಗುಂಡಿಗೆ ನನ್ ತೋಟದ ಕಾಯಿ ಹಾಕುದ್ವಿ. ಭಾನುವಾರ ಕೊನೇ ಗಂಟು. ಸೋಮವಾರ ಮೇಲಿನ ಕಾಯಿ ಸರಿ ಮಾಡೋದಿತ್ತು, ಈ ಮಂಡಿ ಎದ್ದೇಳೋಕೆ ಬುಡ್ಲಿಲ್ಲ. ಹೋಗಿದ್ರೆ..."

ಆಕೆ ಅಳಲಿಲ್ಲ. ಅತ್ತು ಮುಗಿದಿತ್ತೆಂದು ಕಾಣುತ್ತದೆ.

"ಅಂದ್ರೆ ಅವನೇ ಕೊಟ್ಟಿದ್ದು. ಇದರಲ್ಲಿ ಕಳ್ಳತನವೇ ಇಲ್ಲ. ಇಷ್ಟನ್ನ ಮೂರು ದಿನದಿಂದ ಯಾಕೆ ಹೇಳ್ಲಿಲ್ಲ?" ನನಗೆ ನಿಜವಾಗಿ ಸಿಟ್ಟು ಬಂದಿತ್ತು. "ಒಂದು ಸಿನಿಮಾಕ್ಕೋಸ್ಕರ ಒಬ್ಬನ ಜೀವ ತೆಗೀತೀರಾ?"

ಆಕೆ ಮೇಲಿನ ಡಬ್ಬ ತೆರೆದು ಫಿಲಂ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. "ನೋಡು."

ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಇಪ್ಪತ್ತರ ಹುಡುಗಿಯೊಬ್ಬಳು ನಿಂತಿದ್ದಳು, ಮುಖ ಕಪ್ಪಗೆ, ತಲೆಗೂದಲು ಹಾಲಿನಂತೆ ಬೆಳ್ಳಗೆ. ಈಗ ನನ್ನ ಪಕ್ಕದಲ್ಲಿ ನಿಂತಿದ್ದವಳ ಕೂದಲೂ ಅದೇ ಬಿಳುಪು. ಸೊಂಟಕ್ಕೆ ಅಡ್ಡವಾಗಿ ದೊಡ್ಡ ಕೊಡ.

"ಮಂದಾರಮಾಲಾ. ಅದು ಯಜಮಾನ್ರು ಇಟ್ಟ ಹೆಸ್ರು. ಭೂತಮ್ಮ ಅಂದ್ರೆ ಟೆಂಟಿಗೆ ಯಾರ್ ಬತ್ತಾರೆ? ಮಾತು ಬದಲಾಯಿಸುದ್ರು, ನಡಿಗೆ ಬದಲಾಯಿಸುದ್ರು. ಸಂಬಳ ತಗಳ್ಳೋ ಹುಡ್ಗೀರು ಮದುವೆ ಆಗಂಗಿರ್ಲಿಲ್ಲ. ಹೀರೋಯಿನ್ನಿಗೆ ಗಂಡ ಅವ್ನೆ ಅಂದ್ರೆ ಪಡ್ಡೆ ಹೈಕ್ಳು ಟಿಕೆಟ್ ಕೊಳ್ಳಾಕಿಲ್ಲ ಅಂತ ಅವರ ಲೆಕ್ಕ. ನಾನೂ ತಿಮ್ಮಯ್ಯನೂ ಗುಟ್ಟಾಗೇ ಮದುವೆ ಆದ್ವಿ."

ಫಿಲಂ ಇನ್ನಷ್ಟು ಎಳೆದಳು. ಕೊಡದ ಬದಲು ಮೊರ. ಮೊರದ ಬದಲು ಒಂದು ಕರು.

"ಮೊದ್ಲು ಕೊಡ ಅಡ್ಡ ಇಟ್ರು. ಆಮೇಲೆ ಮೊರ. ಆಮೇಲೆ ಕರ ನಿಲ್ಸುದ್ರು. ಆ ಕರ ಒಂದ್ ಕಡೆ ನಿಂತ್ಕತಿರ್ಲಿಲ್ಲ." ಆಕೆ ನಕ್ಕಳು, ನಗು ಬೇಗ ಹೋಯಿತು. "ಕೊನೆಗೆ ಮರೆ ಮಾಡೋಕೆ ಏನೂ ಸಿಗ್ಲಿಲ್ಲ. ಯಜಮಾನ್ರು ಪರ್ದೆ ಮ್ಯಾಲೆ ಓಡ್ಸಿ ನೋಡುದ್ರು, ಹೊಟ್ಟೆ ಕಂಡ್ಬುಡ್ತು. ಪಿಚ್ಚರ್ರು ನಿಂತೋಯ್ತು. ಮೂರೇ ತಿಂಗ್ಳಿಗೆ ಇನ್ನೊಬ್ಬ ಹುಡ್ಗೀನ ತಂದು ಮಂದಾರಮಾಲಾ ಅಂತ ಅದೇ ಹೆಸ್ರಿಟ್ರು. ಹೆಸ್ರೂ ಸ್ಟುಡಿಯೋದ್ದೇ ಅಂತೆ, ನಂದಲ್ವಂತೆ."

"ಮಗು?"

"ಯಜಮಾನ್ರ ಮನೆ ಅಟ್ಟದ ಆಳು, ಅವನಿಗೆ ಮಕ್ಳಿರ್ಲಿಲ್ಲ. ಅವನ ಹೆಂಡ್ತಿ ಮಡ್ಲಿಗೆ ಹಾಕುದ್ರು. ತಿಮ್ಮಯ್ಯನ ಕೆಲ್ಸ ಉಳೀಬೇಕಾದ್ರೆ ಬಾಯ್ಬುಡಬ್ಯಾಡಿ ಅಂದ್ರು. ಬುಡ್ಲಿಲ್ಲ."

ಅಟ್ಟದ ಆಳು. ಆಳಿನ ಮಗನೂ ಅಟ್ಟದ ಆಳು. ದೀಪಾವಳಿಗೆ ಪಂಚೆ.

"ರಂಗರಾಜು," ಎಂದೆ.

"ಅವನಿಗೆ ಗೊತ್ತಿಲ್ಲ. ಅವನು ಹೊಟ್ಟೇಲಿರೋವಾಗ ತೆಗ್ದಿದ್ದು ಇದೊಂದೇ ಕಣಮ್ಮ. ಮುಂಬೈನೋರು ಕೊಂಡು ಫೋನಿನಾಗೆ ಬುಟ್ರೆ ಊರೋರೆಲ್ಲ ಈ ಹೊಟ್ಟೆ ನೋಡ್ತಾರೆ, ಮಗು ಎಲ್ಲೋಯ್ತು ಅಂತ ಕೇಳ್ತಾರೆ. ಸಾಕಿದೋರನ್ನೇ ಅಪ್ಪ ಅವ್ವ ಅಂದ್ಕಂಡು ಇಬ್ಬರನ್ನೂ ಮಣ್ಣು ಮಾಡವ್ನೆ ಅವ್ನು. ಈಗೋಗಿ ಅದೆಲ್ಲ ಸುಳ್ಳು ಕಣ್ಲಾ ಅನ್ನಾಕಾಯ್ತದಾ? ನೀನೂ ಅನ್ನಬ್ಯಾಡ. ಮಾತು ಕೊಡು."

ಕೊಟ್ಟೆ. ಪತ್ತೇದಾರಿಕೆ ಮಾಡುವವಳು ಯಾರಿಗೂ ಮಾತು ಕೊಡಬಾರದು. ಆದರೆ ಆ ಹೊತ್ತಿನಲ್ಲಿ, ಆ ಕಿಟಕಿಯ ಮುಂದೆ, ಬೇರೇನು ಮಾಡಲೂ ನನ್ನಿಂದ ಆಗಲಿಲ್ಲ.

"ಬನ್ನಿ. ತಿಮ್ಮಯ್ಯನೇ ಡಬ್ಬ ಕೊಟ್ಟ ಅಂತ ಪೊಲೀಸರಿಗೆ ಹೇಳಿ. ಸಾಕು."

"ಸಾಕಾಯ್ತದಾ?" ಆಕೆ ನನ್ನನ್ನೇ ನೋಡಿದಳು. "ಕಳ್ತನ ಇಲ್ಲ ಅಂದ್ರೆ ಜಗಳ ಐತಲ್ಲ. ಸಿಟ್ನಾಗೆ ತಳ್ದ ಅಂತಾರೆ. ಬುಟ್ಬುಡ್ತಾರಾ, ದಿಟ ಹೇಳು."

ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಏನೋ ಹೇಳಿದೆ. ಆಕೆಗೆ ಅರ್ಥವಾಯಿತು.

"ವಸಿ ಕೂತ್ಕೋ. ಮಖ ತೊಳ್ಕಂಡ್ ಬತ್ತೀನಿ."

ಹೊರಗೆ ಬಂದಾಗ ಬಿಳಿ ಸೀರೆ ಉಟ್ಟಿದ್ದಳು, ಪೌಡರ್ ಹಚ್ಚಿದ್ದಳು. ಮಂಡಿ ನೋವಿನ ಕುಂಟು ಕಾಣಲಿಲ್ಲ. ಬೆನ್ನು ನೆಟ್ಟಗಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಗೇಟು ದಾಟಿ ಆಕೆ ನೇರವಾಗಿ ಉಜ್ವಲ್ ಮುಂದೆ ಹೋಗಿ ನಿಂತಳು. ಮಾತು ಹೊರಟಾಗ ಅದು ಭೂತಮ್ಮನ ಮಾತಾಗಿರಲಿಲ್ಲ. ಒಂದೊಂದು ಅಕ್ಷರವೂ ತೊಳೆದಿಟ್ಟಂತಿತ್ತು.

"ಇನ್ಸ್‌ಪೆಕ್ಟರ್, ಆ ಮನುಷ್ಯನನ್ನು ಬಿಟ್ಟುಬಿಡಿ. ಅವನು ನಿರಪರಾಧಿ. ಸಣ್ಣತಿಮ್ಮಯ್ಯನನ್ನು ಏಣಿಯಿಂದ ಬೀಳಿಸಿದವಳು ನಾನು."

ಉಜ್ವಲ್ ನನ್ನ ಕಡೆ ತಿರುಗಿದ. ಆಕೆ ಮುಂದುವರಿಸಿದಳು.

"ನಾನು ನಟಿಸಿದ ಚಿತ್ರ ಅದು. ನನ್ನ ಯೌವನ ಅದರಲ್ಲಿದೆ. ಕೊಡು ಎಂದು ಬೇಡಿದೆ, ಕೊಡಲಿಲ್ಲ. ಅವನು ಮೇಲಿದ್ದ, ನಾನು ಏಣಿಯನ್ನು ಎಳೆದೆ. ಡಬ್ಬಗಳು ನನ್ನ ಮನೆಯ ವಾಡೆಯಲ್ಲಿವೆ. ಹೋಗಿ ನೋಡಿಕೊಳ್ಳಿ."

ಎಲ್ಲಿ ಅಳುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರೋ ಅಲ್ಲಿ ಅಳಲಿಲ್ಲ, ದನಿ ತಗ್ಗಿಸಿದಳು. ಬಸವಕುಮಾರ್ ಬಾಯಿ ತೆರೆದುಕೊಂಡು ಫೋನ್ ಹೊರತೆಗೆದ. ಪೇದೆಯೊಬ್ಬ ಓಡಿಹೋಗಿ ಒಂದು ಡಬ್ಬ ಹೊತ್ತು ತಂದ. ಕಾಡಸಿದ್ದಪ್ಪ ಏನೇ ಆಗಿರಲಿ, ಸಂಬಳ ಕೊಟ್ಟು ಕಲಿಸಿದ ವಿದ್ಯೆ ಗಟ್ಟಿಯಾಗಿತ್ತು. ಅಲ್ಲಿದ್ದವರೆಲ್ಲ ನಂಬಿದರು.

ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆಯಬೇಕೆಂದರೆ ಯಾಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ಹೇಳಬೇಕು. ಮಾತು ಕೊಟ್ಟಿದ್ದೆ. ಹಾಗೇ ನುಂಗಿಕೊಂಡೆ. ಮಗ ಹೊರಗೆ ಬರಲಿ, ನಿಜವಾದ ಕೊಲೆಗಾರನನ್ನು ಸಂಜೆಯೊಳಗೆ ಹಿಡಿದು ಈಕೆಯನ್ನೂ ಬಿಡಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣು ಬಸವಕುಮಾರನ ಬಿಳಿ ಶೂ ಮೇಲಿತ್ತು.

"ಇಳಿಯಪ್ಪ," ಎಂದು ಉಜ್ವಲ್ ರಂಗರಾಜುವಿಗೆ ಹೇಳಿದ. ಕಾಗದದಲ್ಲಿ ಇನ್ನೂ ಅರೆಸ್ಟ್ ತೋರಿಸಿರಲಿಲ್ಲ, ಬಿಡುವುದು ಕಷ್ಟವಾಗಲಿಲ್ಲ. "ಕರೆದಾಗ ಠಾಣೆಗೆ ಬರ್ಬೇಕು, ಗೊತ್ತಾಯ್ತಾ? ನೀವು ಹತ್ತಿಮ್ಮ."

ಭೂತಮ್ಮ ಜೀಪು ಹತ್ತುವಾಗ ಮಗ ಇಳಿಯುತ್ತಿದ್ದ. ಇಬ್ಬರ ಭುಜ ತಾಗಿತು. ಆಕೆ ಆ ತೋಳನ್ನು ಒಂದು ಕ್ಷಣ ಹಿಡಿದಳು, ಬೀಳದಿರಲು ಆಸರೆ ಹಿಡಿದವಳಂತೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಮುಖ ತಿರುಗಿಸಿದೆ.

ರಾಮಕ್ಕ ಓಡಿಬಂದು ಗಂಡನನ್ನು ತಬ್ಬಿಕೊಂಡು ಗೋಳೋ ಎಂದಳು. ನನ್ನ ಕಾಲಿಗೆ ಬೀಳಲು ಬಂದವಳನ್ನು ತಡೆದೆ. ಉಜ್ವಲ್ ಮುಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಮೇಲಧಿಕಾರಿಗೆ ಸುದ್ದಿ ಒಪ್ಪಿಸುತ್ತಿದ್ದ. ಡ್ರೈವರ್ ಎಂಜಿನ್ ಹಚ್ಚಿದ.

ರಂಗರಾಜು ಜೀಪಿನ ಹಿಂದಿನ ಕಿಟಕಿಗೇ ಬಂದು ನಿಂತ.

"ಥೂ!" ಎಂದು ಉಗಿದ. "ಎಂಥಾ ಹೆಂಗ್ಸಮ್ಮ ನೀನು. ಬಣ್ಣ ಹಚ್ಕಂಡು ಬಂದವ್ಳೆ ನೋಡು! ಸಾಯೋ ಗಳಿಗೇಲೂ ಆ ಮುದುಕ, ಭೂತವ್ವನ್ನ ಕರಿಯೋ, ಭೂತವ್ವನ್ನ ಕರಿಯೋ ಅಂತ ಒಂದೇ ಸಮ ನನ್ ಕಾಲು ಹಿಡ್ಕಂಡಿದ್ನಲ್ಲೇ! ಪಾಪಿ!"

ರಾಮಕ್ಕನ ಅಳು ನಿಂತಿತು. ಗಂಡನ ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದಳು. ರೊಟ್ಟಿ ಕಟ್ಟಿ ಬೆಳಕು ಹರಿಯುವ ಮುಂಚೆ ಹುಳಿಯಾರಿಗೆ ಕಳಿಸಿದವಳು ಅವಳು. ತಾನು ಏನೆಂದೆ ಎನ್ನುವುದು ರಂಗರಾಜುವಿಗೆ ಇನ್ನೂ ಹೊಳೆದಿರಲಿಲ್ಲ. ಅವನು ಅದೇ ಸಿಟ್ಟಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದ.

ಉಜ್ವಲ್ ಇನ್ನೂ ಫೋನಿನಲ್ಲೇ ಇದ್ದ. ಎಂಜಿನ್ ಸದ್ದಿನಲ್ಲಿ ಅವನೂ ಡ್ರೈವರನೂ ಕೇಳಿಸಿಕೊಂಡಿರಲಿಲ್ಲ; ಬಸವಕುಮಾರನೂ, ಮಹಿಳಾ ಪೇದೆಯೂ ಸೇರಿ ಉಳಿದವರೆಲ್ಲ, ದೂರದಲ್ಲಿ ಡಬ್ಬದ ಸುತ್ತ ನೆರೆದಿದ್ದರು.

ಭೂತಮ್ಮ ಕೇಳಿಸಿಕೊಂಡಿದ್ದಳು. ಪೌಡರ್ ಹಚ್ಚಿದ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಗಂಡನನ್ನು ಕೊಂದವನು ಯಾರೆಂದು ಆ ತಾಯಿಗೆ ಆಗ ತಾನೇ ಗೊತ್ತಾಗಿತ್ತೋ, ಅಥವಾ ಮೊದಲೇ ಗೊತ್ತಿತ್ತೋ, ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

"ಹೊರಡಪ್ಪ, ಯಾಕ್ ನಿಂತಿದೀಯ?" ಎಂದು ಡ್ರೈವರನ ಬೆನ್ನು ತಟ್ಟಿದಳು. ಸ್ಟುಡಿಯೋದ ಕನ್ನಡ ಮಾಯವಾಗಿತ್ತು. "ಬಿಸ್ಲು ಏರ್ತೈತೆ. ಬಿರ್ರನೆ ಹೊರಡು."

ಜೀಪು ಕದಲಿತು. ನಾನು ಎದುರಿಗೆ ಹೋಗಿ ಬಾನೆಟ್ ಮೇಲೆ ಕೈಯಿಟ್ಟೆ.

ಡ್ರೈವರ್ ಬ್ರೇಕ್ ಹಾಕಿದ. ಉಜ್ವಲ್ ಫೋನ್ ಇಳಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನ್ ಮೇಡಂ? ಏನಾದ್ರೂ ಹೇಳೋದಿತ್ತಾ?"

ಅವನ ಹಿಂದೆ, ಹೊರಗೆ ನಿಂತ ಮಗನಿಗೆ ಕಾಣದಂತೆ, ಭೂತಮ್ಮ ನನ್ನ ಕಡೆಗೆ ಎರಡೂ ಕೈ ಜೋಡಿಸಿದಳು.